ಯಾರ ಚರ್ಮದ ಗಣಿತ?

ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ ಎಂದರೆ ನೆಂಟರೆಲ್ಲ ಕೇಳುವುದು ಒಂದೇ: 'ಕಾರ್ಟೂನ್ ಮಾಡ್ತೀಯಾ?' ಕಾರ್ಟೂನ್ ಮಾಡುವವರು ಬಳಸುವ ಗಣಿತ ನನ್ನದು ಎಂದು ಹೇಳಿ ಸುಮ್ಮನಾಗುತ್ತೇನೆ. ಬೆಳಕು ಒಂದು ವಸ್ತುವಿನ ಮೇಲೆ ಬಿದ್ದಾಗ ಎಷ್ಟು ಪ್ರತಿಫಲಿಸುತ್ತದೆ, ಎಷ್ಟು ಒಳಗಿಳಿಯುತ್ತದೆ ಎಂಬುದನ್ನು ಸಮೀಕರಣವಾಗಿ ಬರೆಯುವುದು ಈ ಕ್ಷೇತ್ರದ ದೊಡ್ಡ ಕೆಲಸಗಳಲ್ಲೊಂದು. ಇಂಥ ಕೆಲಸದಲ್ಲಿ ನೀತಿಯ ಪ್ರಶ್ನೆಗೆ ಜಾಗವೆಲ್ಲಿ? ಬೆಳಕಿಗೆ ಜಾತಿಯಿಲ್ಲ, ಅದು ಮುಖ ನೋಡಿ ಮಣೆ ಹಾಕುವುದಿಲ್ಲ. ಆದರೂ ಆ ಪ್ರಶ್ನೆ ಎದ್ದಿದೆ, ಮತ್ತು ಅದನ್ನು ಎತ್ತಿದವರು ಹೊರಗಿನವರಲ್ಲ.

ಮೊಬೈಲಿನ ಟಾರ್ಚ್ ಹಚ್ಚಿ ಅದರ ಮೇಲೆ ಬೆರಳಿಟ್ಟು ನೋಡಿ, ಬೆರಳು ಕೆಂಪಗೆ ಬೆಳಗುತ್ತದೆ. ಬೆಳಕು ಚರ್ಮದ ಮೇಲ್ಮೈಗೆ ತಾಗಿ ವಾಪಸಾಗುವುದಷ್ಟೇ ಅಲ್ಲ, ಒಳಹೊಕ್ಕು, ಚದುರಿ, ಬೇರೆಲ್ಲೋ ಹೊರಬರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕಾಲದಲ್ಲಿ ಕಂಪ್ಯೂಟರ್ ಮನುಷ್ಯರು ಪ್ಲಾಸ್ಟಿಕ್ ಗೊಂಬೆಗಳಂತೆ ಕಾಣುತ್ತಿದ್ದರು. 2001ರಲ್ಲಿ ಹೆನ್ರಿಕ್ ವಾನ್ ಜೆನ್ಸನ್, ಸ್ಟೀವ್ ಮಾರ್ಷ್ನರ್, ಮಾರ್ಕ್ ಲೆವಾಯ್ ಮತ್ತು ಪ್ಯಾಟ್ ಹನ್ರಹಾನ್ ಈ ಒಳಚದುರುವಿಕೆಯನ್ನು ಬೇಗ ಲೆಕ್ಕ ಹಾಕುವ ದಾರಿ ತೋರಿಸಿದರು. ಅವರ ಪ್ರಬಂಧದಲ್ಲೊಂದು ಕೋಷ್ಟಕವಿದೆ. ಹಾಲು, ಕೆನೆ, ಆಲೂಗಡ್ಡೆ, ಕೆಚಪ್, ಅಮೃತಶಿಲೆಗಳ ಸಾಲಿನಲ್ಲೇ 'ಚರ್ಮ 1', 'ಚರ್ಮ 2' ಎಂದೂ ಇದೆ. ಈ ಕೆಲಸಕ್ಕೆ 2004ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಯೇಲ್ ವಿಶ್ವವಿದ್ಯಾಲಯದ ಥಿಯೊಡೋರ್ ಕಿಮ್ ಹಿಂದೆ ಪಿಕ್ಸಾರ್‌ನಲ್ಲಿ ಕೆಲಸ ಮಾಡಿದವರು. 2020ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಒಟ್ಟು ವಾದ ಹೀಗಿದೆ: ನಮ್ಮ ಕ್ಷೇತ್ರ 'ಮನುಷ್ಯ ಚರ್ಮ' ಎಂದು ಕರೆದು ಬಿಡಿಸಿದ ಸಮಸ್ಯೆ ವಾಸ್ತವದಲ್ಲಿ ಬಿಳಿಯರ ಚರ್ಮದ ಸಮಸ್ಯೆ. ಒಳಗಿನಿಂದ ಹೊಮ್ಮುವ ಆ ಹೊಳಪು ಎದ್ದು ಕಾಣುವುದು ಎಳೆಯ, ಬಿಳಿಯ ಚರ್ಮದಲ್ಲಿ. ಉಳಿದವರ ಚರ್ಮದಲ್ಲಿ ಕಣ್ಣಿಗೆ ಮೊದಲು ಬೀಳುವುದೇ ಬೇರೆ.

ಭೌತಶಾಸ್ತ್ರ ಅವರ ಪರವಾಗಿದೆ. ಕಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚು. ಒಳಗಿಳಿದ ಬೆಳಕಿನ ಬಹುಪಾಲನ್ನು ಅದು ಹೀರಿಕೊಳ್ಳುವುದರಿಂದ ಒಳಗಿನಿಂದ ಮರಳುವುದು ಕಡಿಮೆ. ಆದರೆ ಚರ್ಮದ ಮೇಲಿನ ತೆಳು ಜಿಡ್ಡಿನ ಪದರದಿಂದ ನೇರವಾಗಿ ಮಿಂಚುವ ಬೆಳಕಿಗೆ ಮೆಲನಿನ್‌ನ ಹಂಗಿಲ್ಲ, ಅದು ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಪ್ಪು ಮುಖದ ಆಕಾರವನ್ನು, ಕೆನ್ನೆಯ ತಿರುವನ್ನು ಕಣ್ಣಿಗೆ ತಿಳಿಸುವುದು ಹೆಚ್ಚಾಗಿ ಆ ಮಿಂಚು. ಕನ್ನಡದಲ್ಲಿ ಇದಕ್ಕೆ ಪದವೇ ಇದೆ: ಎಣ್ಣೆಗಪ್ಪು. ಸಮೀಕರಣ ಗೊತ್ತಿಲ್ಲದ ಯಾರೋ ಬಣ್ಣವನ್ನೂ ಹೊಳಪನ್ನೂ ಬೇರ್ಪಡಿಸಿ ನೋಡಿ, ಒಂದೇ ಮಾತಿನಲ್ಲಿ ಕೂಡಿಸಿಟ್ಟಿದ್ದಾರೆ.

ಇದಕ್ಕೆ ಬರುವ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಮೀಕರಣ ತಟಸ್ಥ, ಅಂಕಿ ಬದಲಿಸಿದರೆ ಯಾವ ಚರ್ಮವೂ ಬರುತ್ತದೆ ಎನ್ನುತ್ತಾರೆ. ನಿಜವೇ. 2006ರಲ್ಲಿ ಕ್ರೇಗ್ ಡೋನರ್ ಮತ್ತು ಅದೇ ಜೆನ್ಸನ್ ಪ್ರಕಟಿಸಿದ ಮಾದರಿಯಲ್ಲಿ ಮೆಲನಿನ್, ಹಿಮೋಗ್ಲೋಬಿನ್ ಮತ್ತು ಎಣ್ಣೆಯಂಶವನ್ನು ಹೆಚ್ಚುಕಡಿಮೆ ಮಾಡಲು ಬರುತ್ತದೆ. ಹಾಗಿದ್ದರೆ ದೂರು ಏಕೆ?

ಕತ್ತರಿಯನ್ನು ನೆನೆಯಿರಿ. ಅದು ಯಾರ ಕೈಯಲ್ಲೂ ಬಟ್ಟೆ ಕತ್ತರಿಸುತ್ತದೆ. ಆದರೆ ಎಡಗೈಯವರನ್ನು ಕೇಳಿದರೆ ಗೊತ್ತಾಗುತ್ತದೆ, ಅದರ ಅಲಗುಗಳನ್ನು ಕೂಡಿಸಿರುವ ರೀತಿಯೇ ಬಲಗೈಗೆ ತಕ್ಕಂತೆ. ಕತ್ತರಿ ಮಾಡಿದವನಿಗೆ ಎಡಗೈಯವರ ಮೇಲೆ ದ್ವೇಷವಿರಲಿಲ್ಲ. ಅವನು ತನ್ನ ಕೈ ನೋಡಿ ಮಾಡಿದ, ಅಷ್ಟೇ. ದ್ವೇಷವಿಲ್ಲ ಎಂದ ಮಾತ್ರಕ್ಕೆ ಹೊಣೆಯೂ ಇಲ್ಲವೇ? ಇದೆ ಎಂದೇ ನನಗೆ ಅನ್ನಿಸುತ್ತದೆ. ಯಾವುದನ್ನು ಮೊದಲು ಬಿಡಿಸಿದೆವು, ಯಾವುದನ್ನು 'ಸಾಮಾನ್ಯ' ಎಂದು ಡಿಫಾಲ್ಟ್ ಆಗಿ ಇಟ್ಟೆವು, ಯಾವುದನ್ನು 'ಬೇಕಾದವರು ಬದಲಿಸಿಕೊಳ್ಳಲಿ' ಎಂದು ಬಿಟ್ಟೆವು ಎಂಬುದು ಗಣಿತ ಹೇಳಿಕೊಟ್ಟದ್ದಲ್ಲ. ಆ ಆಯ್ಕೆ ನಮ್ಮದು.

ನಮ್ಮ ಕ್ಷೇತ್ರದಲ್ಲಿ ಈ ಹೊಣೆ ತುಸು ಹೆಚ್ಚೇ. ಸೇತುವೆಯ ಲೆಕ್ಕ ತಪ್ಪಿದರೆ ಸೇತುವೆ ಬೀಳುತ್ತದೆ, ನಿಸರ್ಗವೇ ಪರೀಕ್ಷಕ. ಗ್ರಾಫಿಕ್ಸ್‌ನಲ್ಲಿ ಬಹಳ ಸಲ ಕೊನೆಯ ಪರೀಕ್ಷೆ 'ನೋಡಲು ನಿಜ ಅನ್ನಿಸುತ್ತದೆಯೇ?' ಎಂಬುದು. ಯಾರ ಕಣ್ಣಿಗೆ? ನೋಡಿ ನೋಡಿ ಯಾವುದಕ್ಕೆ ಪಳಗಿದ ಕಣ್ಣಿಗೆ? ಚಿತ್ರ ಸಂಸ್ಕರಣೆಯವರು ದಶಕಗಳ ಕಾಲ ಪರೀಕ್ಷಾ ಚಿತ್ರವಾಗಿ ಬಳಸಿದ 'ಲೆನಾ' 1972ರ ಪ್ಲೇಬಾಯ್ ಸಂಚಿಕೆಯ ಪುಟವೊಂದರಿಂದ ಸ್ಕ್ಯಾನ್ ಮಾಡಿದ್ದು. ಐಇಇಇ ಕಂಪ್ಯೂಟರ್ ಸೊಸೈಟಿ ತನ್ನ ಪ್ರಕಟಣೆಗಳಲ್ಲಿ ಅದನ್ನು ಬೇಡವೆಂದದ್ದು 2024ರ ಏಪ್ರಿಲ್‌ನಿಂದ. ಒಮ್ಮೆ ಉದಾಹರಣೆಯಾಗಿ ಒಳಬಂದದ್ದು ಅಳತೆಗೋಲಾಗಿ ಕೂತುಬಿಡುತ್ತದೆ.

ಇದೆಲ್ಲ ಅಮೆರಿಕದ ಜಗಳ, ನಮಗೇನು ಎನ್ನುವಂತಿಲ್ಲ. ಎಣ್ಣೆಗಪ್ಪು ಎಂಬ ಪದವನ್ನು ಹೊಗಳಿದೆನಷ್ಟೆ, ಅದು ನಮ್ಮ ಮನೆಗಳಲ್ಲಿ ಬಳಕೆಯಾಗುವ ಬಗೆ ನೋಡಿ: 'ಹುಡುಗಿ ಎಣ್ಣೆಗಪ್ಪು, ಆದರೆ ಲಕ್ಷಣವಾಗಿದ್ದಾಳೆ.' ಕಣ್ಣು ಸರಿಯಾಗಿಯೇ ನೋಡಿತು, ಪದ ಸರಿಯಾಗಿಯೇ ಸಿಕ್ಕಿತು, ಅಷ್ಟರಲ್ಲಿ 'ಆದರೆ' ನುಸುಳಿತು. ಸಾಫ್ಟ್‌ವೇರಿನ ಡಿಫಾಲ್ಟ್ ಕೂಡ ಇಂಥದೇ ಒಂದು 'ಆದರೆ'. ನೋಡುವ ಶಕ್ತಿಯಿದ್ದರೆ ನ್ಯಾಯ ತಾನಾಗಿ ಬರುತ್ತದೆಂದು ನಂಬಲು ನಮ್ಮ ಭಾಷೆಯೇ ಬಿಡುವುದಿಲ್ಲ.

ಹಾಗಾದರೆ ಸಂಶೋಧಕ ಮಾಡಬೇಕಾದ್ದೇನು? 2024ರಲ್ಲಿ ಕಿಮ್, ಎ. ಎಂ. ಡಾರ್ಕ್ ಮತ್ತು ಸಂಗಡಿಗರು ಬಿಗಿಯಾಗಿ ಸುರುಳಿಗಟ್ಟಿದ ಕೂದಲಿನ ಆಕಾರವನ್ನೇ ವಿಷಯವಾಗಿಸಿ ಪ್ರಬಂಧ ಪ್ರಕಟಿಸಿದರು. ನೇರ ಕೂದಲಿನ ಮಾದರಿಯನ್ನು ಹಿಗ್ಗಿಸಿ ಬಳಸುವ ಬದಲು, ಆ ಕೂದಲಿಗೆ ತನ್ನದೇ ಜ್ಯಾಮಿತಿಯಿದೆ ಎಂದು ತೋರಿಸಿದರು. ಇದನ್ನು ಕಂಡು ನಮ್ಮವರು ಸಂತೋಷಪಡುವುದು ಒಂದು ಬಗೆಯಲ್ಲಿ: ನೋಡಿ, ಎಲ್ಲರನ್ನೂ ಒಳಗೊಂಡರೆ ಹೊಸ ಗಣಿತ ಸಿಗುತ್ತದೆ, ವಿಜ್ಞಾನಕ್ಕೇ ಲಾಭ. ಆ ಸಂತೋಷ ನನಗೂ ಇದೆ, ಆದರೆ ಈ ವಾದದ ಮೇಲೆ ಪೂರ್ತಿ ಭಾರ ಹಾಕಲು ಮನಸ್ಸು ಒಪ್ಪುವುದಿಲ್ಲ. ಹೊಸ ಗಣಿತ ಸಿಗದೇ ಹೋಗಿದ್ದರೆ? ಹಳೆಯ ಸೂತ್ರದಲ್ಲೇ ನಾಲ್ಕು ಅಂಕಿ ತಿದ್ದುವ ಬೇಸರದ ಕೆಲಸವಷ್ಟೇ ಆಗಿದ್ದರೆ? ಆಗಲೂ ಅದು ಮಾಡಬೇಕಾದ ಕೆಲಸವೇ. ಒಬ್ಬರ ಮುಖ ಪರದೆಯ ಮೇಲೆ ಸರಿಯಾಗಿ ಮೂಡಲು ಆ ಮುಖ ಗಣಿತಜ್ಞರಿಗೆ ಸ್ವಾರಸ್ಯಕರವಾಗಿರಬೇಕೆಂಬ ಷರತ್ತು ಏಕಿರಬೇಕು?

ಎಲ್ಲರೂ ಇದೇ ವಿಷಯ ಹಿಡಿಯಬೇಕೆಂದು ಹೇಳುತ್ತಿಲ್ಲ. ನೀರು, ಹೊಗೆ, ಬಟ್ಟೆಯ ಮಡಿಕೆಗಳ ಮೇಲೆ ಕೆಲಸ ಮಾಡುವವರೂ ಬೇಕು. ಆದರೆ ಚರ್ಮ ಎಂದು ಬರೆಯುವವರು ಯಾರ ಚರ್ಮ ಎಂದು ಪಕ್ಕದಲ್ಲೇ ಬರೆಯಬಹುದು. ಕೂದಲು ಎಂಬಲ್ಲಿ ಎಂಥ ಕೂದಲು ಎಂದು ಹೇಳಬಹುದು. ಪ್ರಬಂಧವನ್ನು ಪರಿಶೀಲಿಸುವವರು ಇನ್ನೂ ನಾಲ್ಕು ಮುಖಗಳ ಮೇಲೆ ಇದು ಹೇಗೆ ಕಾಣುತ್ತದೆ ಎಂದು ಕೇಳಬಹುದು. ಕೋಷ್ಟಕದಲ್ಲಿ ಒಂದು ಕಾಲಂ ಹೆಚ್ಚಾಗುತ್ತದೆ. ರೆಂಡರ್ ಮಾಡಲು ಕೆಲವು ಗಂಟೆ ಹೆಚ್ಚು ಹಿಡಿಯುತ್ತದೆ. ಆ ಖರ್ಚು ದೊಡ್ಡದೇನಲ್ಲ.