ಪುಸ್ತಕಕ್ಕೆ ಸಾಕ್ಷಿ ಯಾರು?

ಯಾವುದೇ ಪುಸ್ತಕದಂಗಡಿಗೆ ಹೋಗಿ ನೋಡಿ. ಸೌಂದರ್ಯ ರಕ್ಷಣೆ, ಉಡುಗೆ ತೊಡುಗೆ, ವ್ಯಕ್ತಿತ್ವ ವಿಕಸನ ಮುಂತಾದ ವಿಷಯಗಳ ಪುಸ್ತಕಗಳು ಅಲ್ಲಿ ಇದ್ದೇ ಇರುತ್ತವೆ. ನಮ್ಮ ಅಕ್ಕಿಆಲೂರು, ಹಾನಗಲ್ಲ ಕಡೆಯ ತರುಣರೂ ಹುಬ್ಬಳ್ಳಿಗೆ ಹೋದಾಗ ಅವನ್ನು ಕೊಂಡು ತರುತ್ತಾರೆ. ಓದಿದವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. "ಭಾಳ ಚಲೋ ಐತ್ರಿ, ಓದಿದ ಮ್ಯಾಲೆ ಹುರುಪು ಬಂತು" ಎನ್ನುವವರು ಕೆಲವರು. "ಇದರಾಗ ಹೊಸಾದೇನೈತಿ?" ಎನ್ನುವವರು ಇನ್ನು ಕೆಲವರು. ಮೊದಲಿನವರು ಮತ್ತೊಂದು ಪುಸ್ತಕ ಕೊಳ್ಳುತ್ತಾರೆ, ಎರಡನೆಯವರು ಇದ್ದುದನ್ನೂ ಮುಚ್ಚಿಡುತ್ತಾರೆ. ಇಬ್ಬರೂ ಪುಸ್ತಕವನ್ನು ತೂಗಿ ನೋಡಿದರು; ತಮ್ಮನ್ನು ತಾವು ತೂಗಿಕೊಳ್ಳಲಿಲ್ಲ.

ಇಂತಹ ಪುಸ್ತಕಗಳಲ್ಲಿ ಬರೀ ಕೆಡುಕೇ ಇದೆಯೆಂದರೆ ಅದು ನ್ಯಾಯವಾಗದು. ಅಮೆರಿಕದ ಡೇಲ್ ಕಾರ್ನೆಗಿ 1936ರಲ್ಲಿ ಸ್ನೇಹ ಗಳಿಸುವ ಬಗೆಯನ್ನು ಕುರಿತು ಬರೆದ ಪ್ರಸಿದ್ಧ ಪುಸ್ತಕವನ್ನೇ ತೆಗೆದುಕೊಳ್ಳಿ. ನಗುಮುಖದಿಂದಿರಬೇಕು, ಇತರರ ಹೆಸರನ್ನು ನೆನಪಿಡಬೇಕು, ಅವರ ಮಾತಿಗೆ ಕಿವಿಗೊಡಬೇಕು ಎನ್ನುವ ಆ ಲೇಖಕ, ಮುಖಸ್ತುತಿ ಬೇಡವೆಂದೂ ಎಚ್ಚರಿಸಿದ್ದಾನೆ. ಸಹೋದರನನ್ನು ನಗುಮುಖದಿಂದ ಕಾಣುವುದೂ ದಾನವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಒಳ್ಳೆಯ ಬಟ್ಟೆ, ಪಾದರಕ್ಷೆಗಳನ್ನು ಬಯಸುವುದನ್ನು ಅವರು ಅಹಂಕಾರವೆನ್ನಲಿಲ್ಲ. ಸತ್ಯವನ್ನು ತಿರಸ್ಕರಿಸಿ ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ತಿಳಿಸಿದರು.

ಹಾಗಾದರೆ ಕಾರ್ಯಸಾಧನೆಗಾಗಿ ನಕ್ಕ ನಗುವಿಗೂ ದಾನವಾದ ನಗುವಿಗೂ ವ್ಯತ್ಯಾಸವೇನು? ಕನ್ನಡಿಯಲ್ಲಿ ಎರಡೂ ಒಂದೇ. ವ್ಯತ್ಯಾಸವಿರುವುದು ನಿಯ್ಯತ್ತಿನಲ್ಲಿ. ಅದು ಬಯಲಾಗುವುದು ಲಾಭವಿಲ್ಲದ ಕಡೆಯಲ್ಲಿ. ಸಾಹೇಬರೆದುರು ಅರಳಿದ ಮುಖ, ಭತ್ತದ ಚೀಲ ಹೊತ್ತು ಬಂದ ಹಮಾಲನೆದುರು ಗಂಟಿಕ್ಕುತ್ತದೆಯೇ? ಗಿರಾಕಿಯ ಮಾತನ್ನು ತಾಳ್ಮೆಯಿಂದ ಕೇಳುವವನು, ಮುದಿ ತಾಯಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರೆ ರೇಗುತ್ತಾನೆಯೇ? ಹಾಗಿದ್ದರೆ ಆ ಓದಿನಿಂದ ಅವನಿಗೆ ವ್ಯವಹಾರ ಬಂತು, ಗುಣ ಬರಲಿಲ್ಲ.

ಹಲವು ವರ್ಷ ವಿದ್ಯೆ ಕಲಿತ ಶಿಷ್ಯನೊಬ್ಬ ಉಪದೇಶ ಬೇಡಿ ಇಮಾಮ್ ಗಝ್ಝಾಲಿ(ರ)ಯವರಿಗೆ ಪತ್ರ ಬರೆದನು. 1111ರಲ್ಲಿ ತೀರಿಕೊಂಡ ಆ ಮಹಾ ವಿದ್ವಾಂಸರು ಅವನಿಗೆ ಬರೆದ ಉತ್ತರವೇ 'ಅಯ್ಯುಹಲ್ ವಲದ್' ಎಂಬ ಕಿರುಗ್ರಂಥ. ಆಚರಣೆಗೆ ಬಾರದ ಜ್ಞಾನ ಎಷ್ಟಿದ್ದರೂ ಕೈ ಹಿಡಿಯಲಾರದು ಎಂಬುದು ಅದರ ಸಾರ. ಈ ಮಾತು ಧಾರ್ಮಿಕ ಗ್ರಂಥಗಳನ್ನು ಓದುವ ನಮಗೂ ಸಲ್ಲುತ್ತದೆ. ಪ್ರವಚನ ಕೇಳಿ ಕಣ್ಣೀರಿಟ್ಟು ಮನೆಗೆ ಬಂದವನು, ಸಾರಿಗೆ ಉಪ್ಪು ಸಾಲದೆಂದು ಹೆಂಡತಿಯನ್ನು ಬೈದರೆ, ಆ ಕಣ್ಣೀರಿನಿಂದ ಆಕೆಗೆ ಬಂದ ಭಾಗ್ಯವೇನು? ಕುಟುಂಬದವರೊಂದಿಗೆ ಉತ್ತಮನಾಗಿರುವವನೇ ನಿಮ್ಮಲ್ಲಿ ಉತ್ತಮನೆಂದು ಪ್ರವಾದಿ(ಸ)ರು ಹೇಳಿರುವಾಗ, ನಮ್ಮ ಓದಿನ ಪರೀಕ್ಷೆಯೂ ಮನೆಯಲ್ಲೇ ನಡೆಯಬೇಕಲ್ಲವೇ?

ಆದ್ದರಿಂದ ಓದುಗರೇ, ಇಂಥ ಪುಸ್ತಕ ಓದಿ ಮುಗಿಸಿದ ದಿನವೇ ಅಭಿಪ್ರಾಯ ಹೇಳಲು ಅವಸರಪಡಬೇಡಿ. ಅದರಲ್ಲಿ ಮೆಚ್ಚಿದ ಒಂದೇ ಒಂದು ಮಾತನ್ನು ಆರಿಸಿಕೊಂಡು ಆರು ತಿಂಗಳು ನಡೆದು ನೋಡಿ. ಬಳಿಕ ಆ ಪುಸ್ತಕ ಹೇಗಿದೆಯೆಂದು ಯಾರಾದರೂ ಕೇಳಿದರೆ, ಉತ್ತರವನ್ನು ನಿಮ್ಮ ಮನೆಯವರು ಹೇಳಲಿ. ಅವರು ಅದರ ಒಂದು ಪುಟವನ್ನೂ ಓದಿರಬೇಕಾಗಿಲ್ಲ.