ಶರಣಾದವನಿಗೆ ಲಾವಣಿ ಉಂಟೇನು?

ನಾನು ಜಾತ್ರ್ಯಾಗ ಲಾವಣಿ ಹಾಡುವವ. 1831ರಲ್ಲಿ ನಂದಗಡದಾಗ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನಂಥವರನ್ನೇ ಹಾಡೀನಿ. ಗೋವಾದ ಕಡೇ ಪೋರ್ಚುಗೀಸ್ ಗವರ್ನರ್ ವಸ್ಸಾಲೊ ಇ ಸಿಲ್ವಾನನ್ನು ಏನಂತ ಹಾಡಲಿ?

1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಬರುವಾಗ ಲಿಸ್ಬನ್ನಿನಿಂದ ಸಲಜಾರನ ಅಪ್ಪಣೆ ಬಂತು: ಗೆಲ್ಲಿರಿ, ಇಲ್ಲಾ ಸಾಯಿರಿ, ಶರಣಾಗಬ್ಯಾಡ್ರಿ. ಇವನ ಕೈಯಾಗ ಮೂರು ಸಾವಿರದ ಮೇಲೆ ಸಿಪಾಯಿಗಳು. 19ಕ್ಕೆ ಶರಣಾದ. ತನ್ನ ದೇಶಕ್ಕೆ ಮರಳಿದ ಮೇಲೆ ಸೈನ್ಯದಿಂದ ಹೊರಗೆ ಹಾಕಿದರು. 1974ರಲ್ಲಿ ಆ ಸರ್ಕಾರ ಬಿದ್ದ ಮೇಲೇನೇ ಮರ್ಯಾದೆ ತಿರುಗಿ ಬಂತು.

ಉಪ್ಪುಂಡ ಮನೆಗೆ ಎರಡು ಬಗೆದ ಅಂತ ನಮ್ಮಪ್ಪ ಅಂತಿದ್ದ. ಆದ್ರ ಉಪ್ಪು ಸಲಜಾರನದು, ಜೀವ ಆ ಹುಡುಗರದು. ರಾಯಣ್ಣ ತನ್ನ ನೆಲಕ್ಕಾಗಿ ಸತ್ತ; ಇವರು ಮಂದಿ ನೆಲದಾಗ ಯಾತಕ್ಕ ಸಾಯಬೇಕು? ಹಂಗಂತ ಪುಣ್ಯಾತ್ಮ ಅನ್ನಲಾರೆ, ಮೂರು ವರ್ಷ ಆ ಗಾದಿ ಮ್ಯಾಲೆ ಕೂತು ಆಳಿದವ. ಪಲ್ಲವಿ ಇನ್ನೂ ಕೂಡಿಬಂದಿಲ್ಲ.