ಅಜ್ಜಿ ಒಪ್ಪದ ಪೂರ್ವಪಕ್ಷ

‘ವಿಜ್ಞಾನ: ವರವೋ ಶಾಪವೋ?’ ನಾವೆಲ್ಲ ಬರೆದ ಪ್ರಬಂಧವೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಕೊನೆಗೆ ‘ಎಲ್ಲವೂ ಬಳಸುವವರ ಕೈಯಲ್ಲಿದೆ’ ಅಂತ ಬರೆದು ಗೆರೆ ಎಳೆದರೆ ಮುಗೀತು. ಪರವೂ ಇಲ್ಲ, ವಿರೋಧವೂ ಇಲ್ಲ, ಅಂಕ ಮಾತ್ರ ಗ್ಯಾರಂಟಿ. (ಆಫೀಸಿನ ಮೀಟಿಂಗುಗಳಲ್ಲಿ ಈಗಲೂ ಅದೇ ಉಪಸಂಹಾರ ಓದ್ತಿದ್ದೀವಿ, ಬಿಡಿ.)

ಈಗ ಕೆಲವು ಶಾಲೆಗಳಲ್ಲಿ ಹಾಗೆ ನಡೆಯಲ್ಲ. ಒಂದು ನಿಲುವು ತಗೋ, ಕಾರಣ ಕೊಡು, ಪುರಾವೆ ಕೊಡು, ಎದುರಿನವರು ಏನನ್ನಬಹುದು ಅಂತ ಯೋಚಿಸಿ ಅದಕ್ಕೂ ಉತ್ತರ ಬರಿ ಅಂತಾರೆ. ಏಳನೇ ಕ್ಲಾಸಿನ ನನ್ನ ಅಕ್ಕನ ಮಗಳಿಗೆ ಬಂದ ಹೋಂವರ್ಕು ಇನ್ನೂ ಒಂದು ಹೆಜ್ಜೆ ಮುಂದೆ: ವಿಷಯ ‘ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೇ?’, ಬರೆಯಬೇಕಾದ್ದು ನಿನಗೆ ಒಪ್ಪಿಗೆಯಿಲ್ಲದ ಪಕ್ಷದ ಪರವಾಗಿ. ಅವಳು ಮೊಟ್ಟೆ ಬೇಕು ಅನ್ನುವವಳು. “ಮಾಮ, ನಂಬದೇ ಇರೋದನ್ನ ಬರೆದ್ರೆ ಸುಳ್ಳು ಹೇಳಿದ ಹಾಗಲ್ವಾ?” ಅಂದಳು.

ಸುಳ್ಳಲ್ಲ ಅಂದೆ. ಸುಳ್ಳಿಗೆ ಮೋಸಹೋಗೋಕೆ ಒಬ್ಬರು ಬೇಕು. ಇಲ್ಲಿ ಟೀಚರಿಗೂ ಗೊತ್ತು, ನಿನಗೂ ಗೊತ್ತು. ನಮ್ಮ ಶಾಸ್ತ್ರಕಾರರೂ ಎದುರಿನವನ ಮಾತನ್ನು ಪೂರ್ವಪಕ್ಷ ಅಂತ ಮೊದಲು ಮಂಡಿಸಿ, ಆಮೇಲೆ ತಮ್ಮ ಸಿದ್ಧಾಂತಕ್ಕೆ ಬರ್ತಿದ್ರು. ನ್ಯಾಯಸೂತ್ರ ಚರ್ಚೆಯಲ್ಲಿ ಮೂರು ಬಗೆ ಹೇಳುತ್ತೆ: ಸತ್ಯ ತಿಳಿಯೋಕೆ ವಾದ, ಗೆಲ್ಲೋಕೆ ಜಲ್ಪ, ತನ್ನದು ಅಂತ ಏನನ್ನೂ ಸ್ಥಾಪಿಸದೆ ಎದುರಿನವನನ್ನು ಬರೀ ಕೆಡವೋಕೆ ವಿತಂಡ. ಮೂರನೆಯದನ್ನು ನಾವು ಬೈಗುಳವಾಗಿ ಉಳಿಸಿಕೊಂಡಿದ್ದೇವೆ. ನನಗೆ ಹೆಚ್ಚು ಭಯ ಎರಡನೆಯದರದ್ದು, ಯಾಕಂದ್ರೆ ಅದಕ್ಕೆ ಕಪ್ಪು, ಸರ್ಟಿಫಿಕೇಟು ಸಿಗುತ್ತೆ.

ಹುಡುಗಿ ಬರೆದಳು: ‘ಮೊಟ್ಟೆ ತಿಂದರೆ ಪಾಪ ಬರುತ್ತದೆ ಎಂದು ಕೆಲವರು ನಂಬುತ್ತಾರೆ.’ ಮೊಟ್ಟೆ ಮುಟ್ಟದ ಅವಳ ಅಜ್ಜಿಗೆ ಓದಿಸಿದೆ.

“ಪಾಪ ಗೀಪ ಯಾರೇ ಹೇಳಿದ್ದು? ಒಂದೇ ಪಂಕ್ತೀಲಿ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಬಡಿಸಬಾರದು ಅನ್ನೋದು ನನ್ನ ಮಾತು. ಇದು ನನ್ನನ್ನ ಸೋಲಿಸೋಕೆ ಬರೆದಿರೋದು.”

ಪಂಕ್ತಿಭೇದವನ್ನು ಇಷ್ಟು ಕಾಲ ಯಾರು ಯಾರಿಗೆ ಮಾಡಿದ್ದು ಅಂತ ಕೇಳಬಹುದಿತ್ತು, ಆ ಮಾತು ಬೇರೆ. ಆದರೆ ಅಜ್ಜಿ ಹೇಳಿದ್ದು ಸರಿ. ಎದುರಿನವರು ‘ಹೌದು, ಇದೇ ನನ್ನ ಮಾತು’ ಅನ್ನದಿದ್ದರೆ ಅದು ಪೂರ್ವಪಕ್ಷವೇ ಅಲ್ಲ. ಅಲ್ಲೇ ನಿಜವಾಗಿ ಸುಳ್ಳು ನುಸುಳೋದು.

ಇಷ್ಟಾದರೂ ಒಂದು ಮುಳ್ಳು ಉಳಿಯುತ್ತೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು ಅಂತ ವಾದಿಸಿದ ವಿಡಿಯೊ ನೀವೂ ನೋಡಿರ್ತೀರಿ. ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ, ವಾದ ಮಾತ್ರ ಗಟ್ಟಿ. ಅಂಥ ಮಗುವಿನಿಂದ ‘ಮೊಟ್ಟೆ ಬೇಡ’ ಅಂತ ಪ್ರಬಂಧ ಬರೆಸಬಹುದಾ? ನಮ್ಮ ಹುಡುಗಿಗೆ ಪಕ್ಷ ಬದಲಿಸೋದು ಅರ್ಧ ಗಂಟೆಯ ಕೆಲಸ. ಇವಳಿಗೆ ಅದು ತಟ್ಟೆಯ ವಿಷಯ. ನಾನಾದರೆ ಬರೆಸಲ್ಲ. ಬಾಳೆಹಣ್ಣು ತಗೊಳ್ಳುವ ಮಗುವಿನಿಂದ ‘ಮೊಟ್ಟೆ ಬೇಕು’ ಅಂತಲೂ ಬರೆಸಲ್ಲ. ಆ ಇಬ್ಬರಿಗೂ ಕೊಡಬಹುದಾದ ಹೋಂವರ್ಕು ಬೇರೆ: ಪಕ್ಕದಲ್ಲಿ ಕೂತವಳು ಏನಂತಾಳೆ ಕೇಳು, ಅವಳ ಮಾತಲ್ಲೇ ಬರಿ, ಅವಳಿಂದ ಸಹಿ ಹಾಕಿಸ್ಕೊಂಡು ಬಾ. ನಿನ್ನ ಉತ್ತರ ಮಾರನೇ ದಿನ.